ದಿನಸಿ ಎಲ್ಲಿಂದ ತರಿಸಿದರೆ ಅಗ್ಗ? ಹತ್ತು ನಿಮಿಷದ ಆಪ್, ಸ್ಲಾಟ್ ಆಪ್, ಮೂಲೆ ಅಂಗಡಿ, ಹಾಪ್‌ಕಾಮ್ಸ್

ಯಾವ ಆಪ್ ಅಗ್ಗ ಅಂತ ಸಿಕ್ಕವರೆಲ್ಲ ಕೇಳುತ್ತಾರೆ. ನನ್ನ ಪ್ರಕಾರ ಅದು ಅಂಥ ದೊಡ್ಡ ಪ್ರಶ್ನೆಯೇ ಅಲ್ಲ. ಬೇಳೆ, ಎಣ್ಣೆ, ಸೋಪಿನ ರೇಟು ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಇವತ್ತು ಒಂದರಲ್ಲಿ ನಾಲ್ಕು ರೂಪಾಯಿ ಕಮ್ಮಿ, ನಾಳೆ ಇನ್ನೊಂದರಲ್ಲಿ. ಜೇಬಿಗೆ ಪೆಟ್ಟು ಬೀಳೋದು ತಿಂಗಳಲ್ಲಿ ಎಷ್ಟು ಸಲ ಆರ್ಡರ್ ಮಾಡಿದಿರಿ ಅನ್ನೋದರ ಮೇಲೆ. ಡೆಲಿವರಿ ಚಾರ್ಜು ಸಾಮಾನಿಗೆ ಬೀಳಲ್ಲ, ಆರ್ಡರಿಗೆ ಬೀಳುತ್ತೆ.

ನಮ್ಮದು ಬೆಂಗಳೂರಿನ ಬನಶಂಕರಿ ಕಡೆ. ನಾಲ್ಕು ಜನ, ಲಿಫ್ಟ್ ಇಲ್ಲದ ಮೂರನೇ ಮಹಡಿ. ಹತ್ತು ನಿಮಿಷದ ಆಪ್, ಮಾರನೇ ದಿನ ನಾವು ಆರಿಸಿದ ಹೊತ್ತಿಗೆ ಬರುವ ಸ್ಲಾಟ್ ಆಪ್, ಮೂಲೆಯ ದಿನಸಿ ಅಂಗಡಿ, ಹಾಪ್‌ಕಾಮ್ಸ್ (ರೈತರ ಸಹಕಾರ ಸಂಘದ ಹಣ್ಣು-ತರಕಾರಿ ಮಳಿಗೆ) ಮತ್ತು ತಳ್ಳುಗಾಡಿ, ನಾಲ್ಕೂ ಕಡೆಯಿಂದ ತರಿಸಿ ಬಿಲ್ಲುಗಳನ್ನು ಎತ್ತಿಟ್ಟುಕೊಂಡೆ. ಇಲ್ಲಿ ಬರೆದಿರುವ ರೇಟು ನಮ್ಮ ಬಿಲ್ಲಿನವು. ನಿಮ್ಮ ಏರಿಯಾದಲ್ಲಿ ಬೇರೆ ಇರುತ್ತೆ, ಮುಂದಿನ ತಿಂಗಳು ನಮ್ಮಲ್ಲೂ ಬೇರೆ ಇರುತ್ತೆ.

ಹತ್ತು ನಿಮಿಷದ ಆಪ್

ಬ್ಲಿಂಕಿಟ್, ಜೆಪ್ಟೊ, ಇನ್‌ಸ್ಟಾಮಾರ್ಟ್, ಬಿಬಿ ನೌ, ಎಲ್ಲದರ ಲೆಕ್ಕಾಚಾರ ಒಂದೇ ಥರ. ನಿಮ್ಮ ಬಡಾವಣೆಯಲ್ಲೇ ಒಂದು ಸಣ್ಣ ಗೋದಾಮು ಇರುತ್ತೆ. ಗಿರಾಕಿಗಳಿಗೆ ಒಳಗೆ ಪ್ರವೇಶ ಇಲ್ಲ. ಆರ್ಡರ್ ಬಂದ ಕೂಡಲೇ ಒಬ್ಬರು ಸಾಮಾನು ಆರಿಸಿ ಚೀಲಕ್ಕೆ ಹಾಕುತ್ತಾರೆ, ಇನ್ನೊಬ್ಬರು ಗಾಡಿ ಏರುತ್ತಾರೆ. ನೀವು ನೂರು ರೂಪಾಯಿದು ತರಿಸಿ, ಸಾವಿರದ್ದು ತರಿಸಿ, ಆ ಇಬ್ಬರ ಕೆಲಸ ಹೆಚ್ಚು ಬದಲಾಗಲ್ಲ. ಆ ಖರ್ಚನ್ನು ಯಾರಾದರೂ ಕೊಡಲೇಬೇಕಲ್ವಾ? ಸಣ್ಣ ಆರ್ಡರ್ ಮಾಡಿದವರು ಕೊಡುತ್ತಾರೆ.

ಒಂದು ಮಳೆ ಸಂಜೆಯ ಬಿಲ್ ನೋಡಿ. ಯಾವ ಆಪ್ ಅನ್ನೋದು ಬೇಡ. ಕೊತ್ತಂಬರಿ ಕಟ್ಟು 19, ಅರ್ಧ ಕೆಜಿ ಟೊಮೆಟೊ 24, ಹಸಿಮೆಣಸಿನಕಾಯಿ 12, ಮೊಸರು ಪ್ಯಾಕೆಟ್ 28, ಬ್ರೆಡ್ 45. ಸಾಮಾನು ಒಟ್ಟು 128 ರೂಪಾಯಿ. ಅದರ ಕೆಳಗೆ ಡೆಲಿವರಿ 30, ಹ್ಯಾಂಡ್ಲಿಂಗ್ 11, ಆರ್ಡರ್ ಸಣ್ಣದು ಅಂತ 20, ಮಳೆ ಅಂತ 15. ಒಟ್ಟು 76. ಅಂದರೆ ಸಾಮಾನಿನ ಬೆಲೆಯ ಶೇ. 60ರ ಹತ್ತಿರ ಬರೀ ತರಿಸಿಕೊಳ್ಳುವ ಖರ್ಚು. ಇನ್ನೊಂದು ತಮಾಷೆ ಇದೆ. ಕೊತ್ತಂಬರಿ, ಟೊಮೆಟೊಗೆ ಜಿಎಸ್‌ಟಿ ಇಲ್ಲ. ಅವು ಮನೆಗೆ ಬರುವ ಡೆಲಿವರಿ ಚಾರ್ಜಿಗೆ ಶೇ. 18 ಇದೆ. ಕೆಲವು ಆಪ್‌ಗಳು ಅದನ್ನು ಚಾರ್ಜಿನೊಳಗೇ ಸೇರಿಸಿ ತೋರಿಸುತ್ತವೆ, ಕೆಲವು ಬೇರೆ ಸಾಲಿನಲ್ಲಿ.

ಈ ಸಾಲುಗಳು ಕೊನೆಯ ಪುಟದವರೆಗೂ ಕಾಣಿಸಲ್ಲ ಅನ್ನೋದೇ ನನ್ನ ಮುಖ್ಯ ತಕರಾರು. ಮೊದಲು ಕಮ್ಮಿ ರೇಟು ತೋರಿಸಿ, ದುಡ್ಡು ಕಟ್ಟುವ ಹೊತ್ತಿಗೆ ಒಂದೊಂದಾಗಿ ಸೇರಿಸೋದು, ಕೇಳದೇ ಬುಟ್ಟಿಗೆ ಏನಾದರೂ ತುರುಕೋದು, ಇಂಥ 13 ಕಿತಾಪತಿಗಳ ಪಟ್ಟಿಯನ್ನೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿ ನಿಷೇಧಿಸಿದೆ. ಆದರೂ ಬಿಲ್ಲಿನ ವಿವರ ನೋಡಬೇಕಾದರೆ ಒಂದು ಸಣ್ಣ ಬಾಣದ ಗುರುತು ಹುಡುಕಿ ಒತ್ತಬೇಕಾದ ಪರಿಸ್ಥಿತಿ ನನಗೆ ಬಂದಿದೆ. ಒತ್ತಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

"ಇನ್ನು 71 ರೂಪಾಯಿಯದು ಸೇರಿಸಿದರೆ ಡೆಲಿವರಿ ಉಚಿತ" ಅಂತ ಬರುತ್ತಲ್ಲ, ಅದಕ್ಕೆ ಮರುಳಾಗಿ ಚಿಪ್ಸು, ಚಾಕೊಲೇಟು ಸೇರಿಸಿದರೆ ಉಳಿಯೋದು ಏನೂ ಇಲ್ಲ. 30 ರೂಪಾಯಿ ಉಳಿಸಲು 70 ಖರ್ಚು. ಆದರೆ ಸೇರಿಸೋದೇ ತಪ್ಪು ಅಂತಲ್ಲ. ಕೆಡದ, ಹೇಗೂ ಬೇಕಾಗುವ ಸಾಮಾನು ಸೇರಿಸಿದರೆ ನಿಜವಾಗಿಯೂ ಲಾಭ. ಉಪ್ಪು, ಹುಣಸೆಹಣ್ಣು, ಪಾತ್ರೆ ತೊಳೆಯುವ ಸೋಪು, ಬೆಂಕಿಪೊಟ್ಟಣ, ಊದುಬತ್ತಿ, ಹುರಿಗಡಲೆ. ನಾನು ಇಂಥವುಗಳ ಪಟ್ಟಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ. ತಿಂಗಳ ಸಾಮಾನಿನಲ್ಲಿ ಇವನ್ನು ಬೇಕಂತಲೇ ಬಿಟ್ಟಿರುತ್ತೇನೆ.

ಮೆಂಬರ್‌ಶಿಪ್ ವಿಷಯ ಬೇಗ ಮುಗಿಸುತ್ತೇನೆ. ಡೆಲಿವರಿ ಚಾರ್ಜು ಹೋಯಿತು, ಹ್ಯಾಂಡ್ಲಿಂಗ್ ಹಾಗೇ ಉಳಿಯಿತು, ಆರ್ಡರ್‌ಗಳು ಜಾಸ್ತಿಯಾದವು. ದುಡ್ಡು ಕಟ್ಟಿದ್ದೀವಲ್ಲ ಅಂತ ಎರಡು ನಿಂಬೆಹಣ್ಣಿಗೂ ಫೋನ್ ತೆಗೆಯೋದು ಶುರುವಾಯಿತು. ಮುಂದುವರಿಸಲಿಲ್ಲ.

ಮೆಚ್ಚಬೇಕಾದ್ದೂ ಇದೆ. ರಾತ್ರಿ ಹತ್ತೂವರೆಗೆ ಮಗುವಿಗೆ ವಾಂತಿಭೇದಿ, ಮನೆಯಲ್ಲಿ ಓಆರ್‌ಎಸ್ ಇಲ್ಲ ಅಂದರೆ 76 ರೂಪಾಯಿ ಯಾವ ಲೆಕ್ಕ? ಕೊಳೆತ ಟೊಮೆಟೊದ ಫೋಟೊ ಕಳಿಸಿದರೆ ಎರಡು ಮಾತಿಲ್ಲದೆ ದುಡ್ಡು ವಾಪಸ್ ಬಂದಿದೆ. ತಳ್ಳುಗಾಡಿಯವರ ಹತ್ತಿರ ಅದು ಸಾಧ್ಯವಿಲ್ಲ.

ಸ್ಲಾಟ್ ಆಪ್

ಬಿಗ್‌ಬಾಸ್ಕೆಟ್ ಹುಟ್ಟಿದ್ದು 2011ರಲ್ಲಿ, ನಮ್ಮ ಬೆಂಗಳೂರಿನಲ್ಲೇ. 2021ರಲ್ಲಿ ಟಾಟಾದವರು ದೊಡ್ಡ ಪಾಲು ತೆಗೆದುಕೊಂಡರು. ಇವತ್ತು ಬರೆದು, ನಾಳೆ ಬೆಳಿಗ್ಗೆ ಇಷ್ಟು ಗಂಟೆಯೊಳಗೆ ಅಂತ ಆರಿಸಿಕೊಳ್ಳುವ ಪದ್ಧತಿಯನ್ನು ಊರಿಗೆಲ್ಲ ರೂಢಿ ಮಾಡಿಸಿದವರು ಇವರೇ. ಡಿಮಾರ್ಟ್ ರೆಡಿಯದು ಸ್ವಲ್ಪ ಬೇರೆ. ಮನೆಗೂ ತರಿಸಬಹುದು, ಹತ್ತಿರದ ಪಿಕಪ್ ಪಾಯಿಂಟ್ ಇದ್ದರೆ ನಾವೇ ಹೋಗಿ ತಂದುಕೊಳ್ಳಲೂಬಹುದು.

ತಿಂಗಳ ದಿನಸಿಗೆ ಇದೇ ಸರಿ. ಒಂದೇ ಬಿಲ್, ಎರಡೂವರೆ ಮೂರು ಸಾವಿರ, ಡೆಲಿವರಿ ಚಾರ್ಜು ಸೊನ್ನೆ. ಇದ್ದರೂ ಸಾಮಾನಿನ ಶೇ. 1 ದಾಟಲ್ಲ. ಜೊತೆಗೆ ನಾಳೆ ಬರೋದು ಅಂದಾಗ ಇವತ್ತು ಡಬ್ಬಗಳನ್ನೆಲ್ಲ ತೆಗೆದು ನೋಡುತ್ತೀವಿ. ಉದ್ದಿನಬೇಳೆ ಇನ್ನೂ ಒಂದು ಕೆಜಿ ಇದೆ ಅಂತ ಗೊತ್ತಾಗುತ್ತೆ. ಹತ್ತು ನಿಮಿಷದಲ್ಲಿ ಬರುವಾಗ ಯಾರೂ ಡಬ್ಬ ತೆಗೆಯಲ್ಲ.

ಇಲ್ಲಿ ಮೋಸ ಹೋಗುವ ಜಾಗ ಬೇರೆ, ಎಂಆರ್‌ಪಿ. ತೊಗರಿಬೇಳೆ ಕೆಜಿಗೆ 230 ಅಂತ ಅಚ್ಚಾಗಿರುತ್ತೆ, ಅದಕ್ಕೆ ಅಡ್ಡಗೆರೆ ಎಳೆದು 142 ಅಂತ ತೋರಿಸುತ್ತಾರೆ. 88 ರೂಪಾಯಿ ಉಳಿತಾಯ ಅಂತ ಹಸಿರು ಅಕ್ಷರ. ಅದೇ ದಿನ ನಮ್ಮ ಮೂಲೆ ಅಂಗಡಿಯಲ್ಲಿ ಲೂಸ್ ಬೇಳೆ 140 ಇತ್ತು. ಉಳಿತಾಯ ಎಲ್ಲಿಂದ ಬಂತು?

ಎಣ್ಣೆಯದು ಇನ್ನೂ ಸೂಕ್ಷ್ಮ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತೆ. ಈಗ ಅದೇ ಗಾತ್ರದ್ದು ಅನ್ನಿಸುವ 850 ಗ್ರಾಂ, 800 ಗ್ರಾಂ ಪ್ಯಾಕೆಟ್‌ಗಳೂ ಬರುತ್ತವೆ. ಫೋನಿನ ಪುಟ್ಟ ಚಿತ್ರದಲ್ಲಿ ವ್ಯತ್ಯಾಸ ಕಾಣಲ್ಲ. ಪೂರ್ತಿ ಲೀಟರಿಂದು 150, ಇನ್ನೊಂದು ಕಂಪನಿಯ 850 ಗ್ರಾಮಿಂದು 142. ಅಗ್ಗ ಅಂತ ಎರಡನೆಯದನ್ನು ಒತ್ತಬೇಕು ಅನ್ನಿಸುತ್ತೆ. ಲೆಕ್ಕ ಹಾಕಿದರೆ ಮೊದಲನೆಯದು 100 ಗ್ರಾಮಿಗೆ 16 ರೂಪಾಯಿ 48 ಪೈಸೆ, ಎರಡನೆಯದು 16 ರೂಪಾಯಿ 71 ಪೈಸೆ. ಎಂಟು ರೂಪಾಯಿ ಕಮ್ಮಿ ಕೊಟ್ಟರೂ ತುಟ್ಟಿಯದೇ ತಂದ ಹಾಗಾಯಿತು. ಪ್ಯಾಕೆಟ್ ಮೇಲೆ ಎಂಆರ್‌ಪಿ ಪಕ್ಕ ಗ್ರಾಂ ಲೆಕ್ಕದ ದರವನ್ನೂ ಅಚ್ಚು ಹಾಕಿರುತ್ತಾರೆ. ಆಪ್‌ನಲ್ಲಿ ಕಾಣದಿದ್ದರೆ ಪ್ಯಾಕೆಟ್ಟಿನ ಹಿಂಬದಿಯ ಚಿತ್ರ ದೊಡ್ಡದು ಮಾಡಿ ನೋಡಿ.

ಮೂಲೆ ಅಂಗಡಿ

"ಅಕ್ಕಾ, ಐನೂರು ದಾಟಿದ್ರೆ ಹುಡುಗನ್ನ ಕಳಿಸ್ತೀನಿ. ಇಲ್ದಿದ್ರೆ ಸಂಜೆ ನೀವೇ ಬಂದು ತಗೊಂಡು ಹೋಗಿ." ನಮ್ಮ ಅಂಗಡಿಯವರ ಡೆಲಿವರಿ ಪಾಲಿಸಿ ಇಷ್ಟೇ. ವಾಟ್ಸಾಪ್‌ನಲ್ಲಿ ಚೀಟಿಯ ಫೋಟೊ ಕಳಿಸಿದರೆ ಸಾಕು. ಚಾರ್ಜು ಇಲ್ಲ, ಮಳೆ ಬಂದರೂ ಇಲ್ಲ. ಮಳೆ ಜೋರಾದರೆ ಹುಡುಗ ಬರಲ್ಲ, ಅದು ಬೇರೆ ವಿಷಯ.

ಪ್ಯಾಕೆಟ್ ಸಾಮಾನು ಇಲ್ಲಿ ಎಂಆರ್‌ಪಿಗೇ. ಬಿಸ್ಕತ್ತು, ಶಾಂಪೂ, ಟೂತ್‌ಪೇಸ್ಟ್ ಇಲ್ಲಿ ತರೋದು ದಂಡ. ಆದರೆ ಬಿಡಿ ಸಾಮಾನಿನಲ್ಲಿ ಇವರನ್ನು ಮೀರಿಸುವವರಿಲ್ಲ. ಹೋಳಿಗೆಯ ಜೊತೆ ಪಾಯಸ ಅಂತ ಗಸಗಸೆ ಬೇಕಿತ್ತು. ಆಪ್‌ನಲ್ಲಿ 100 ಗ್ರಾಮಿಗಿಂತ ಚಿಕ್ಕ ಪ್ಯಾಕೆಟ್ ಸಿಗಲಿಲ್ಲ, ಗಸಗಸೆಯ ರೇಟು ನಿಮಗೇ ಗೊತ್ತು. ಇಲ್ಲಿ 25 ಗ್ರಾಂ ತೂಗಿ ಪೇಪರಿನಲ್ಲಿ ಕಟ್ಟಿಕೊಟ್ಟರು. ಲವಂಗ, ಏಲಕ್ಕಿ, ಮರಾಠಿಮೊಗ್ಗು, ಇಪ್ಪತ್ತು ರೂಪಾಯಿದು ಕೊಡಿ ಅಂದರೆ ಕೊಡುತ್ತಾರೆ. ವರ್ಷಕ್ಕೆ ಎರಡು ಸಲ ಬಳಸುವ ಸಾಮಾನು ಡಬ್ಬದಲ್ಲಿ ಹುಳ ಹಿಡಿಯೋದೂ ಒಂದು ಖರ್ಚು, ಯಾವ ಬಿಲ್ಲಿನಲ್ಲೂ ಅದು ಬರಲ್ಲ.

ಇನ್ನು ಅಕ್ಕಿ. ಇಲ್ಲಿ ಯಾವ ಆಪ್ ಕೂಡ ಹತ್ತಿರ ಬರಲಿಲ್ಲ. ಆಪ್‌ನಲ್ಲಿ ಹಳೇ ಸೋನಾಮಸೂರಿಯ ಐದು ಕೆಜಿ ಪ್ಯಾಕೆಟ್ 400, ಅಂದರೆ ಕೆಜಿಗೆ 80. ನಮ್ಮ ಬೀದಿಯ ಅಕ್ಕಿ ಅಂಗಡಿಯಲ್ಲಿ 26 ಕೆಜಿ ಮೂಟೆ 1,690, ಕೆಜಿಗೆ 65. ಮೂಟೆ 26 ಕೆಜಿಯೇ ಯಾಕೆ ಅಂದರೆ, 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ. 5 ಜಿಎಸ್‌ಟಿ ಬಂತು. ಮಿಲ್ಲಿನವರು ಒಂದು ಕೆಜಿ ಜಾಸ್ತಿ ತುಂಬಿ ಆ ಗೆರೆ ದಾಟಿದರು. ತೆರಿಗೆ ಮಾತ್ರ ಅಲ್ಲ, ಪ್ಯಾಕಿಂಗಿನ ಖರ್ಚೂ ಕಮ್ಮಿ. ಒಂದು ಮೂಟೆಗೆ 390 ರೂಪಾಯಿ ವ್ಯತ್ಯಾಸ. ಮೂರನೇ ಮಹಡಿಗೆ ಹೊತ್ತು ತಂದವರಿಗೆ ಐವತ್ತು ಕೊಟ್ಟರೂ ಉಳಿಯುತ್ತೆ, ಕೊಡಲೇಬೇಕು ಕೂಡ.

ಹಾಪ್‌ಕಾಮ್ಸ್, ತಳ್ಳುಗಾಡಿ, ನಂದಿನಿ ಬೂತ್

ತರಕಾರಿಯನ್ನು ಆಪ್‌ನಲ್ಲಿ ತರಿಸೋದು ನಾನು ಬಿಟ್ಟೇ ಬಿಟ್ಟೆ. ರೇಟಿನಲ್ಲಿ ಅಂಥ ವ್ಯತ್ಯಾಸ ಇಲ್ಲ. ಕೆಲವು ದಿನ ಟೊಮೆಟೊ, ಈರುಳ್ಳಿ ಆಪ್‌ನಲ್ಲೇ ಅಗ್ಗ, ಗಿರಾಕಿಗಳನ್ನು ಎಳೆಯಲು ಹಾಗೆ ಇಟ್ಟಿರುತ್ತಾರೆ. ಆದರೆ ಬೆಂಡೆಕಾಯಿಯ ತುದಿ ಮುರಿದು ನೋಡೋಕಾಗಲ್ಲ. ಎಳೇ ಹೀರೆಕಾಯಿ ಆರಿಸೋಕಾಗಲ್ಲ. ಬಲಿತ ಬೆಂಡೆಕಾಯಿಯಲ್ಲಿ ಕಾಲು ಭಾಗ ಕಸದ ಬುಟ್ಟಿಗೆ ಹೋದರೆ 40ರ ರೇಟು 53 ಆದ ಹಾಗೆ.

ಹಾಪ್‌ಕಾಮ್ಸ್ 1959ರಿಂದ ಇದೆ, ರೈತರ ಸಹಕಾರ ಸಂಘ. ಬೋರ್ಡಿನಲ್ಲಿ ಅವತ್ತಿನ ರೇಟು ಬರೆದಿರುತ್ತಾರೆ, ಚೌಕಾಸಿ ಇಲ್ಲ. ಮಧ್ಯಾಹ್ನದ ಮೇಲೆ ಹೋದರೆ ಸೊಪ್ಪು ಬಾಡಿರುತ್ತೆ, ಬೆಳಿಗ್ಗೆಯೇ ಹೋಗಬೇಕು. ತಳ್ಳುಗಾಡಿಯಲ್ಲಿ ರೇಟು ಒಂದೆರಡು ರೂಪಾಯಿ ಜಾಸ್ತಿ, ಆದರೆ ಕರಿಬೇವು, ಒಂದೆರಡು ಎಸಳು ಕೊತ್ತಂಬರಿ ಕೊಸರು ಹಾಕುತ್ತಾರೆ. ಆಪ್‌ನಲ್ಲಿ ಕರಿಬೇವಿಗೂ ಒಂದು ಪ್ಯಾಕೆಟ್, ಅದಕ್ಕೂ ಒಂದು ರೇಟು.

ಹಾಲಿನ ಲೆಕ್ಕ ಸುಲಭ. 2025ರ ಏಪ್ರಿಲ್‌ನಲ್ಲಿ ನಂದಿನಿ ನೀಲಿ ಪ್ಯಾಕೆಟ್ ಲೀಟರಿಗೆ 46 ಆಯಿತು. ಬೂತಿನಲ್ಲೂ ಆಪ್‌ನಲ್ಲೂ ಎಂಆರ್‌ಪಿ ಒಂದೇ. ಬೂತಿಗೆ ನಡೆದು ಹೋದರೆ 46ಕ್ಕೆ ಮುಗಿಯಿತು.

ನಡೆದು ಹೋಗುವ ದೂರ ಅಲ್ಲ, ಗಾಡಿ ತೆಗೆಯಬೇಕು ಅನ್ನುವವರು ಪೆಟ್ರೋಲ್ ಲೆಕ್ಕ ಹೇಳುತ್ತಾರೆ. ಲೀಟರಿಗೆ 100 ರೂಪಾಯಿ ದಾಟಿದೆ, ನಿಜ. ಸ್ಕೂಟರ್ 40 ಕಿಲೋಮೀಟರ್ ಕೊಟ್ಟರೆ ಹೋಗಿ ಬರುವ ನಾಲ್ಕು ಕಿಲೋಮೀಟರಿಗೆ ಹತ್ತು ರೂಪಾಯಿ ಆಸುಪಾಸು. ಕಾರು ತೆಗೆದರೆ ಮಾತ್ರ ಆಪ್ ಗೆಲ್ಲುತ್ತೆ, ಪಾರ್ಕಿಂಗ್ ಜಾಗ ಸಿಗದಿದ್ದರಂತೂ ಕೇಳೋದೇ ಬೇಡ.

ಡೆಲಿವರಿ ಹುಡುಗರ ವಿಷಯ ಬಿಟ್ಟರೆ ಈ ಲೆಕ್ಕ ಅರ್ಧವೇ. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ಆಪ್‌ಗಳಿಗೆ ಒಂದೊಂದು ಆರ್ಡರಿನ ಲೆಕ್ಕದಲ್ಲಿ ದುಡಿಯುವ ಇಂಥವರ ಕಾನೂನು ಬಂದಿದೆ. ಪ್ರತಿ ವಹಿವಾಟಿನಲ್ಲಿ ಅವರಿಗೆ ಸಿಗುವ ಮೊತ್ತದ ಶೇ. 1ರಿಂದ 5ರವರೆಗೆ ಕಲ್ಯಾಣ ನಿಧಿಗೆ ಕಂಪನಿ ಕಟ್ಟಬೇಕು. ಇದು ಮುಂದೆ ನಮ್ಮ ಬಿಲ್ಲಿನಲ್ಲಿ ಇನ್ನೊಂದು ಸಾಲಾಗಿ ಬಂದರೂ ನನಗೆ ಬೇಜಾರಿಲ್ಲ. ಹ್ಯಾಂಡ್ಲಿಂಗ್ ಚಾರ್ಜು ಯಾರ ಕೈಗೆ ಹೋಗುತ್ತೆ ಅಂತ ಬಿಲ್ ನೋಡಿದರೆ ತಿಳಿಯಲ್ಲ, ಇದು ಎಲ್ಲಿಗೆ ಹೋಗುತ್ತೆ ಅಂತಾದರೂ ತಿಳಿಯುತ್ತೆ.

ಈಗ ನಮ್ಮ ಮನೆಯ ಪದ್ಧತಿ ಹೀಗಿದೆ. ತಿಂಗಳ ಮೊದಲ ವಾರ ಬೇಳೆ, ಎಣ್ಣೆ, ಸೋಪು ಸ್ಲಾಟ್ ಆಪ್‌ನಿಂದ. ಅಕ್ಕಿ ಮೂಟೆ ಬೀದಿಯ ಅಂಗಡಿಯಿಂದ. ಮಸಾಲೆ ಸಾಮಾನು ಮೂಲೆಯಲ್ಲಿ, ತರಕಾರಿ ಮತ್ತು ಹಾಲು ನಡೆದು ಹೋಗಿ. ಹತ್ತು ನಿಮಿಷದ ಆಪ್ ಫೋನಿನಲ್ಲಿ ಇದೆ, ಆದರೆ ನೋಟಿಫಿಕೇಶನ್ ಬಂದ್ ಮಾಡಿದ್ದೇನೆ. ಸಂಜೆ ನಾಲ್ಕಕ್ಕೆ ಸಮೋಸ ಬೇಕಾ ಅಂತ ಅದು ಕೇಳದಿದ್ದರೆ ನಮಗೂ ನೆನಪಾಗಲ್ಲ.

ಒಂದು ಕಡೆ ಮಾತ್ರ ಈ ಲೆಕ್ಕವನ್ನೆಲ್ಲ ಪಕ್ಕಕ್ಕೆ ಇಡುತ್ತೇನೆ. ಮೈಸೂರಿನಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ. ಹತ್ತು ಕೆಜಿ ಗೋಧಿಹಿಟ್ಟು, ಐದು ಲೀಟರ್ ಎಣ್ಣೆ ಅಪ್ಪ ಹೊತ್ತು ತರೋದು ಬೇಡ ಅಂತ ಇಲ್ಲಿಂದಲೇ ಆರ್ಡರ್ ಹಾಕುತ್ತೇನೆ, ಚಾರ್ಜು ಎಷ್ಟಾದರೂ ಆಗಲಿ. ತರಕಾರಿ ಮಾತ್ರ ಹಾಕಬೇಡ ಅಂತ ಅಮ್ಮನ ಕಟ್ಟಪ್ಪಣೆ. ಹಾಕಿದರೆ ಅಪ್ಪ ದೇವರಾಜ ಮಾರುಕಟ್ಟೆಗೆ ಹೋಗೋದು ನಿಲ್ಲಿಸಿ ಇಡೀ ದಿನ ಟಿವಿ ಮುಂದೆ ಕೂರುತ್ತಾರಂತೆ.