ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ: ಹುಬ್ಬಳ್ಳಿಯ ನರರೋಗ ಆಸ್ಪತ್ರೆಯೊಂದರಲ್ಲಿ ಮೂರು ಭೇಟಿ

ಐದು ವರ್ಷಗಳಿಂದ ನನ್ನ ಬಲಗೆನ್ನೆಯಲ್ಲಿ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಇದೆ. ಮುಖದ ಸ್ಪರ್ಶವನ್ನು ಮಿದುಳಿಗೆ ಒಯ್ಯುವ ನರದ ನೋವು ಇದು. ಕೆಲವೇ ಕ್ಷಣ ಇರುತ್ತದೆ, ಆದರೆ ಕರೆಂಟು ಹೊಡೆದಂತೆ ಬಂದು, ಮುಖ ತೊಳೆಯುವಾಗ, ಹಲ್ಲುಜ್ಜುವಾಗ, ರೊಟ್ಟಿಯ ಮೊದಲ ತುತ್ತು ಅಗಿಯುವಾಗ ಮತ್ತೆ ಮತ್ತೆ ಮರಳುತ್ತದೆ. ಹಲ್ಲುನೋವೆಂದೇ ಎಲ್ಲರೂ ತಿಳಿದಿದ್ದರಿಂದ ಎರಡು ಗಟ್ಟಿ ದವಡೆ ಹಲ್ಲುಗಳನ್ನು ಕೀಳಿಸಿಕೊಂಡೆ. ನೋವು ಇದ್ದಲ್ಲಿಯೇ ಉಳಿಯಿತು. ಈ ಕಾಯಿಲೆಯವರಲ್ಲಿ ಅನೇಕರು ಹೀಗೆ ಹಲ್ಲು ಕಳೆದುಕೊಂಡಿರುತ್ತಾರೆ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ನಾನು ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ವೈದ್ಯರು ಸ್ಕ್ಯಾನಿನ ವರದಿಯನ್ನಷ್ಟೇ ಓದಿ, ತಲೆಬುರುಡೆ ತೆರೆಯುವ ಶಸ್ತ್ರಚಿಕಿತ್ಸೆಗೆ ದಿನ ನೋಡಿರಿ ಎಂದರು. ವೈದ್ಯರ ಕೊಠಡಿಯಿಂದ ಹೊರಬರುವಷ್ಟರಲ್ಲಿ ಬಿಲ್ ಕೌಂಟರಿನವರು ಪ್ಯಾಕೇಜಿನ ಲೆಕ್ಕ ಹೇಳಿಬಿಟ್ಟರು. ಎರಡನೆಯ ಅಭಿಪ್ರಾಯ ಬೇಕೆಂದು ಧಾರವಾಡದಿಂದ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಯ ಇನ್ನೊಂದು ಆಸ್ಪತ್ರೆಗೆ ಹೋದೆ. ಬಸ್ಸಿನ ಎ.ಸಿ. ಗಾಳಿ ಕೆನ್ನೆಗೆ ತಾಕದಿರಲೆಂದು ದಾರಿಯುದ್ದಕ್ಕೂ ಸೆರಗಿನಿಂದ ಮುಖ ಮುಚ್ಚಿಕೊಂಡು ಕುಳಿತಿದ್ದೆ. ಕೆಲವು ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ ಆಸ್ಪತ್ರೆಯ ಹೆಸರನ್ನು ಬರೆಯುವುದಿಲ್ಲ.

ಇಲ್ಲಿನ ವೈದ್ಯರು ವರದಿಯನ್ನು ಬದಿಗಿಟ್ಟು ಸ್ಕ್ಯಾನಿನ ಸಿ.ಡಿ.ಯನ್ನೇ ಕಂಪ್ಯೂಟರಿಗೆ ಹಾಕಿ ನೋಡಿದರು. ನರದ ಬುಡ ಸ್ಪಷ್ಟವಾಗಿ ಕಾಣಬೇಕಾದರೆ ಬೇಕಾಗುವ ತೆಳುವಾದ ಪದರಗಳ ಚಿತ್ರಗಳೇ ಅದರಲ್ಲಿರಲಿಲ್ಲ. ಆದ್ದರಿಂದ ಎಂ.ಆರ್.ಐ. ಮತ್ತೊಮ್ಮೆ ಆಯಿತು. ಆ ಖರ್ಚು ನನಗೆ ಭಾರವೇ ಆಯಿತು, ಆದರೆ ನರವು ಮಿದುಳಿನ ಕಾಂಡದಿಂದ ಹೊರಡುವ ಜಾಗದಲ್ಲಿ ಒಂದು ರಕ್ತನಾಳ ಬಾಗಿ ಅದನ್ನು ಒತ್ತುತ್ತಿರುವುದನ್ನು ಆಗ ನನ್ನ ಕಣ್ಣಿನಿಂದಲೇ ಕಂಡೆ. ನಾಳ ಬಡಿದಾಗಲೆಲ್ಲ ನರದ ಮೇಲಿನ ಹೊದಿಕೆ ಸವೆಯುತ್ತದೆ, ಹೊದಿಕೆ ಸವೆದ ಮೇಲೆ ಮುಖಕ್ಕೆ ಗಾಳಿ ತಾಕಿದರೂ ನೋವಾಗುತ್ತದೆ ಎಂದು ಅವರು ಕಾಗದದ ಮೇಲೆ ಗೆರೆ ಎಳೆದು ತಿಳಿಸಿದರು.

ಇರುವ ದಾರಿಗಳನ್ನೂ ಅದೇ ಕಾಗದದಲ್ಲಿ ಬರೆದರು. ಕಿವಿಯ ಹಿಂದೆ ಎಲುಬಿನಲ್ಲಿ ಸಣ್ಣ ಕಿಂಡಿ ಮಾಡಿ, ನರ ಮತ್ತು ರಕ್ತನಾಳಗಳ ನಡುವೆ ಟೆಫ್ಲಾನಿನ ಚೂರು ಇಡುವುದು ಮೊದಲನೆಯದು. ಇದರಿಂದ ಹತ್ತು ವರ್ಷಗಳ ನಂತರವೂ ಹತ್ತರಲ್ಲಿ ಸುಮಾರು ಏಳು ಜನ ನೋವಿಲ್ಲದೆ ಇರುತ್ತಾರೆ, ಆದರೆ ಕೆಲವರಿಗೆ ಆ ಬದಿಯ ಕಿವಿ ಕೇಳಿಸದಂತಾಗಬಹುದು. ಕೆನ್ನೆಯ ಮೂಲಕ ಸೂಜಿ ಹಾಕಿ ನರವನ್ನು ಬಿಸಿಯಿಂದ ಮಂದಗೊಳಿಸುವುದು ಎರಡನೆಯದು; ಇದರಲ್ಲಿ ಮುಖ ಜೋಮುಗಟ್ಟುತ್ತದೆ, ಕೆಲವು ವರ್ಷಗಳಲ್ಲಿ ನೋವು ಮರಳುವ ಸಂಭವವೂ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಗಾಮಾ ನೈಫ್ ಎಂಬ ವಿಕಿರಣ ಚಿಕಿತ್ಸೆಗೆ ಕೊಯ್ತವಿಲ್ಲ, ಆದರೆ ಗುಣ ಕಾಣಲು ವಾರಗಳಿಂದ ತಿಂಗಳುಗಳವರೆಗೆ ಕಾಯಬೇಕು. ಇವೆಲ್ಲಕ್ಕೂ ಮೊದಲು, ಈ ನೋವು ತಗ್ಗಿಸುವ ಕಾರ್ಬಮಜೆಪಿನ್ ಮಾತ್ರೆ ಇದ್ದೇ ಇದೆ. ಅದನ್ನು ನಾನು ಆಗಲೇ ನುಂಗುತ್ತಿದ್ದೆ.

ಕೊನೆಗೆ, "ಟೀಚರ್, ನಿಮ್ಮ ಎಡಗಿವಿ ಹೆಂಗೈತ್ರಿ?" ಎಂದು ಕೇಳಿದರು. ಚಿಕ್ಕಂದಿನಲ್ಲಿ ಕಿವಿ ಸೋರಿ, ಎಡಗಿವಿ ನನಗೆ ಅರ್ಧಕ್ಕರ್ಧ ಕೇಳುವುದಿಲ್ಲ. ಮೊದಲಿನ ಆಸ್ಪತ್ರೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಹೇಳಬೇಕಾದ ಸಂಗತಿಯೆಂದು ನನಗೂ ಹೊಳೆದಿರಲಿಲ್ಲ. ನೂರರಲ್ಲಿ ಕೆಲವರಿಗೆ ಮಾತ್ರ ಆಗುವ ನಷ್ಟವೆಂಬುದು, ಬಲಗಿವಿಯೊಂದನ್ನೇ ನಂಬಿಕೊಂಡಿರುವ ನನ್ನ ಪಾಲಿಗೆ ಬೇರೆಯೇ ತೂಕದ ಮಾತು. ಅವರು ಶ್ರವಣ ಪರೀಕ್ಷೆಗೆ ಬರೆದುಕೊಟ್ಟು, "ಅವಸರ ಮಾಡಬ್ಯಾಡ್ರಿ, ಮನ್ಯಾಗ ಮಾತಾಡಿ ಬರ್ರಿ" ಎಂದು ಕಳುಹಿಸಿದರು. ಈ ಭೇಟಿಗೆ ಅವರು ಮುಕ್ಕಾಲು ಗಂಟೆ ಕೊಟ್ಟಿದ್ದರು.

ಮೂರನೆಯ ಭೇಟಿಯ ಹೊತ್ತಿಗೆ ರಕ್ತದ ಸೋಡಿಯಂ 127ಕ್ಕೆ ಇಳಿದಿತ್ತು. ಅದು 135ಕ್ಕಿಂತ ಕೆಳಗಿರಬಾರದು. ಕಾರ್ಬಮಜೆಪಿನ್ ಮಾತ್ರೆಯಿಂದ ಅದು ಕಡಿಮೆಯಾಗುವುದುಂಟು. ಬೆಳಿಗ್ಗೆ ಎದ್ದರೆ ತಲೆ ತಿರುಗುತ್ತಿತ್ತು, ಗೋಡೆ ಹಿಡಿದೇ ನಡೆಯುತ್ತಿದ್ದೆ. ಮಾತ್ರೆ ಹೆಚ್ಚಿಸುವಂತಿರಲಿಲ್ಲ, ಕಡಿಮೆ ಮಾಡಿದರೆ ನೋವು ತಡೆಯಲಾಗುತ್ತಿರಲಿಲ್ಲ. ಮಗಳೊಂದಿಗೆ ಎರಡು ವಾರ ಯೋಚಿಸಿ, ನಾನು ಸೂಜಿಯ ಚಿಕಿತ್ಸೆಗೆ ಒಪ್ಪಿದ್ದೇನೆ. ಹೆಚ್ಚು ಕಾಲ ಬಾಳಿಕೆ ಬರುವುದು ಕಿವಿಯ ಹಿಂದೆ ಕಿಂಡಿ ಮಾಡುವ ಶಸ್ತ್ರಚಿಕಿತ್ಸೆಯೇ ಎಂಬುದು ಗೊತ್ತಿದೆ. ಆದರೂ ಕೆನ್ನೆ ಜೋಮುಗಟ್ಟಿದರೆ ಬದುಕಬಲ್ಲೆ, ಮೊಮ್ಮಗಳ ದನಿ ಕೇಳದಿದ್ದರೆ ಆಗದು. ಎರಡೂ ಕಿವಿ ಚೆನ್ನಾಗಿರುವವರು ಕಿಂಡಿಯ ಶಸ್ತ್ರಚಿಕಿತ್ಸೆಯನ್ನೇ ಆರಿಸಿಕೊಂಡರೆ ಅದು ಸರಿಯಾದ ಆಯ್ಕೆಯೇ ಆದೀತು.

ಇನ್ನು ಕೊರತೆಗಳು. ಸಂಜೆ ನಾಲ್ಕರ ಟೋಕನ್ನಿಗೆ ಒಳಗೆ ಕರೆದದ್ದು ಆರೂವರೆಗೆ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇದೆ. ನಾನು ಕೇಳಿದ ಮೇಲೆ ವೈದ್ಯರೇ ಅಪಾಯಗಳನ್ನು ಕನ್ನಡದಲ್ಲಿ ಕೈಯಾರೆ ಬರೆದುಕೊಟ್ಟರು, ಆದರೆ ಕೇಳದವರಿಗೂ ಅದು ಸಿಗಬೇಕು. ಎಲ್ಲಕ್ಕಿಂತ ದೊಡ್ಡದು, ಕಾಯುವ ಬೆಂಚುಗಳು ಎ.ಸಿ.ಯ ನೇರ ಕೆಳಗಿವೆ. ನನ್ನ ಪಕ್ಕದಲ್ಲಿ ಕುಳಿತಿದ್ದ ಗದಗಿನ ಹಿರಿಯರೊಬ್ಬರು ಟವೆಲ್ಲಿನಿಂದ ದವಡೆ ಕಟ್ಟಿಕೊಂಡು, ಗಾಳಿ ಬೀಸಿದಾಗಲೆಲ್ಲ ಕಣ್ಣು ಮುಚ್ಚಿ ಉಸಿರು ಬಿಗಿಹಿಡಿಯುತ್ತಿದ್ದರು. ಎರಡು ಬೆಂಚುಗಳನ್ನು ಕಿಟಕಿಯ ಕಡೆಗೆ ಸರಿಸಿರೆಂದು ರಿಸೆಪ್ಷನ್ನಿನಲ್ಲಿ ಬರೆದುಕೊಟ್ಟು ಬಂದಿದ್ದೇನೆ. ಮುಂದಿನ ಭೇಟಿಯಲ್ಲಿ ಸರಿಸಿರುವುದು ಕಂಡರೆ ಆ ಮಾತನ್ನೂ ಇಲ್ಲಿ ಸೇರಿಸುತ್ತೇನೆ.