ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಮಿಂಟ್: 2022ರಿಂದ ಬಳಸಿ ನೋಡಿದ ಮೇಲೆ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಇಟ್ಟುಕೊಳ್ಳುವುದು ಒಳ್ಳೆಯದೇ, ಆದರೆ ಎರಡಕ್ಕೂ ಬೇರೆ ಬೇರೆ ಡಿಸ್ಕ್ ಕೊಡುವಷ್ಟು ಖರ್ಚು ಮಾಡಲು ತಯಾರಿದ್ದರೆ ಮಾತ್ರ. ಒಂದೇ ಡಿಸ್ಕನ್ನು ಪಾಲು ಮಾಡಿ ಎರಡನ್ನೂ ತುಂಬುವುದು, ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡು ಬಾವಿಯನ್ನು ಮಾತ್ರ ಒಂದೇ ಉಳಿಸಿಕೊಂಡಂತೆ. ಜಗಳ ಬರುವುದು ಆ ಬಾವಿಯ ಕಟ್ಟೆಯ ಮೇಲೆಯೇ.

ನಮ್ಮದು 2017ರಲ್ಲಿ ಕೊಂಡ ಡೆಸ್ಕ್‌ಟಾಪ್. ಇಂಟೆಲ್ ಏಳನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಅದರಲ್ಲಿ ವಿಂಡೋಸ್ 10. ಕೋಲಾರದ ಎಪಿಎಂಸಿಯಲ್ಲಿ ಕೆಲವು ಟೊಮೆಟೊ ಮಂಡಿಗಳ ಲೆಕ್ಕ ಬರೆಯುವುದು ನನ್ನ ಕಸುಬು. ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಇಲ್ಲದೆ ಆ ಕೆಲಸ ನಡೆಯುವುದಿಲ್ಲ, ಟ್ಯಾಲಿ ವಿಂಡೋಸ್ ಬಿಟ್ಟು ಬೇರೆಲ್ಲೂ ಕೂರುವುದಿಲ್ಲ. ಮಗಳು ಎಂಜಿನಿಯರಿಂಗ್‌ಗೆ ಸೇರಿದಾಗ ಕಾಲೇಜಿನ ಲ್ಯಾಬಿನಲ್ಲಿ ಇದ್ದದ್ದೆಲ್ಲ ಲಿನಕ್ಸ್. ಮನೆಯಲ್ಲೂ ಅದೇ ಬೇಕೆಂದಳು. ಇನ್ನೊಂದು ಕಂಪ್ಯೂಟರ್ ತರುವ ಬದಲು 240 ಜಿಬಿಯ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಡಿಸ್ಕ್) ಒಂದನ್ನು ಸುಮಾರು ಎರಡು ಸಾವಿರ ರೂಪಾಯಿಗೆ ತಂದೆ. ಅದರ ಮೇಲೆ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ 21 ಹಾಕಿದೆವು. ಈಗ ಅದೇ ಮಿಂಟ್ 22 ಆಗಿದೆ.

ಮಿಂಟ್ ಏಕೆ ಎಂದು ಕೇಳಿದವರಿಗೆ ನನ್ನ ಉತ್ತರ ಸರಳ. ಕೆಳಗೆ ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ. ವಿಂಡೋಸ್ ಕಂಡವರಿಗೆ ಯಾರೂ ಏನನ್ನೂ ಹೇಳಿಕೊಡಬೇಕಾಗಿಲ್ಲ. ಒಳಗಿನ ತಳಹದಿ ಉಬುಂಟು ಎಂಬ ಇನ್ನೊಂದು ಬಗೆಯ ಲಿನಕ್ಸ್‌ನದು, ಹಾಗಾಗಿ ಮಗಳ ಲ್ಯಾಬ್ ಪಾಠಗಳು ಅಕ್ಷರಶಃ ನಡೆಯುತ್ತವೆ. ಒಂದು ಆವೃತ್ತಿ ಹಾಕಿಕೊಂಡರೆ ಐದು ವರ್ಷ ಅಪ್‌ಡೇಟ್ ಬರುತ್ತದೆ: 21ಕ್ಕೆ 2027ರವರೆಗೆ, 22ಕ್ಕೆ 2029ರವರೆಗೆ. ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ, ಡಿಸ್ಕನ್ನು ಮುಟ್ಟದೆ, ವೈಫೈ, ಸದ್ದು, ಪ್ರಿಂಟರ್ ಎಲ್ಲವನ್ನೂ ಮೊದಲು ಪರೀಕ್ಷಿಸಿ ನೋಡಬಹುದು. ಪೆನ್‌ಡ್ರೈವ್ ಸಿದ್ಧಪಡಿಸಲು ವೆಂಟಾಯ್ ಎಂಬ ತಂತ್ರಾಂಶ ಒಳ್ಳೆಯದು. ಒಮ್ಮೆ ಅದನ್ನು ಹಾಕಿದರೆ ಮುಂದೆ ಐಎಸ್‌ಒ ಕಡತಗಳನ್ನು (ಇಡೀ ಸಿಸ್ಟಂ ಅಡಕವಾಗಿರುವ ಕಡತಗಳು) ಸುಮ್ಮನೆ ನಕಲು ಮಾಡಿದರೆ ಸಾಕು.

ಇನ್ನು ಅನುಸ್ಥಾಪನೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಮುಂದೆ ನೆಮ್ಮದಿಯಾಗಿರುವುದೋ ಪರದಾಡುವುದೋ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ. ಹೊಸ ಎಸ್‌ಎಸ್‌ಡಿಯನ್ನು ಕೂರಿಸುವ ಮುಂಚೆ ಕ್ಯಾಬಿನೆಟ್ ತೆರೆದು, ವಿಂಡೋಸ್ ಇರುವ ಹಾರ್ಡ್ ಡಿಸ್ಕಿನ ಸಾಟಾ ಕೇಬಲನ್ನು ಕಿತ್ತುಬಿಡಿ. ಕೆಂಪೋ ಕಪ್ಪೋ ಬಣ್ಣದ ಚಪ್ಪಟೆ ಕೇಬಲ್ ಅದು. ಕೆಲವಕ್ಕೆ ಲೋಹದ ಪುಟ್ಟ ಕ್ಲಿಪ್ ಇರುತ್ತದೆ, ಅದನ್ನು ಒತ್ತಿ ಹಿಡಿದು ಎಳೆಯಬೇಕು. ಇದು ಅತಿ ಎಚ್ಚರಿಕೆಯಲ್ಲ. ಮಿಂಟ್ ಬಳಸುವ ಇನ್‌ಸ್ಟಾಲರಿಗೆ ಒಂದು ಹಳೆಯ ಚಾಳಿ ಇದೆ: ಬೂಟ್‌ಲೋಡರನ್ನು (ಕಂಪ್ಯೂಟರ್ ಆನ್ ಮಾಡಿದಾಗ ಸಿಸ್ಟಂ ಎಬ್ಬಿಸುವ ಪುಟ್ಟ ತಂತ್ರಾಂಶ) ಎರಡನೇ ಡಿಸ್ಕಿನ ಮೇಲೆ ಹಾಕು ಎಂದು ಆರಿಸಿದರೂ ಅದು ಮೊದಲ ಡಿಸ್ಕಿನ ಇಎಫ್‌ಐ ಪಾರ್ಟಿಷನ್ನಿನೊಳಗೇ (ಬೂಟ್‌ಲೋಡರ್‌ಗಳಿಗೆಂದೇ ಇರುವ ಡಿಸ್ಕಿನ ಪಾಲು) ಹೋಗಿ ಕೂರುತ್ತದೆ. ವಿಂಡೋಸ್ ಆ ಪಾರ್ಟಿಷನ್ನನ್ನು ಸಾಮಾನ್ಯವಾಗಿ 100 ಎಂಬಿ ಮಾತ್ರ ಮಾಡಿರುತ್ತದೆ. ಮುಂದೆ ಯಾವಾಗಲೋ ಹಾರ್ಡ್ ಡಿಸ್ಕ್ ಕೆಟ್ಟರೆ, ಆರೋಗ್ಯವಾಗಿರುವ ಎಸ್‌ಎಸ್‌ಡಿಯ ಮಿಂಟ್ ಕೂಡ ಏಳುವುದಿಲ್ಲ. ಕೇಬಲ್ ಕಿತ್ತಿದ್ದರೆ ಇನ್‌ಸ್ಟಾಲರಿಗೆ ಕಾಣುವುದು ಒಂದೇ ಡಿಸ್ಕ್, ತಪ್ಪು ಜಾಗಕ್ಕೆ ಹೋಗಲು ದಾರಿಯೇ ಇಲ್ಲ. ಕೆಲಸ ಮುಗಿದ ಮೇಲೆ ಕೇಬಲ್ ಮರಳಿ ಸಿಕ್ಕಿಸಿ, ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸ್ವಂತ ಹೊಂದಿಕೆಗಳ ಪುಟ) ಎಸ್‌ಎಸ್‌ಡಿಯನ್ನು ಬೂಟ್ ಸರದಿಯಲ್ಲಿ ಮೊದಲಿಟ್ಟು, ಮಿಂಟ್‌ನಲ್ಲಿ ಗ್ರಬ್ (ಯಾವ ಸಿಸ್ಟಂ ಬೇಕೆಂದು ಮೆನು ತೋರಿಸುವ ಮಿಂಟ್‌ನ ಬೂಟ್‌ಲೋಡರ್) ಅಪ್‌ಡೇಟ್ ಆದೇಶ ಕೊಟ್ಟರೆ ಅದು ವಿಂಡೋಸನ್ನು ತಾನೇ ಹುಡುಕಿ ಮೆನುವಿಗೆ ಸೇರಿಸುತ್ತದೆ. ಕಳೆದ ಬಾರಿ ಆರಿಸಿದ್ದೇ ಮುಂದಿನ ಸಲವೂ ತಾನಾಗಿ ಆಯ್ಕೆಯಾಗುವಂತೆ ಗ್ರಬ್‌ನಲ್ಲಿ ಹೊಂದಿಸಲು ಬರುತ್ತದೆ. ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಿಗೆ ಇದು ಬೇಕೇ ಬೇಕು.

ಬಳಸಲು ಶುರು ಮಾಡಿದ ಮೇಲೆ ಮೊದಲು ಕಾಡಿದ್ದು ಗಡಿಯಾರ. ಮದರ್‌ಬೋರ್ಡಿನ ಗಡಿಯಾರದಲ್ಲಿ ಇರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ತಿಳಿಯುತ್ತದೆ. ಲಿನಕ್ಸ್ ಅದನ್ನು ಅಂತರರಾಷ್ಟ್ರೀಯ ಸಮಯ ಎಂದು ತಿಳಿದು, ಐದೂವರೆ ಗಂಟೆ ಕೂಡಿಸಿ ತೋರಿಸುತ್ತದೆ. ಮಿಂಟ್ ಬಳಸಿ ಆಮೇಲೆ ವಿಂಡೋಸ್‌ಗೆ ಹೋದರೆ ಸಮಯ ಐದೂವರೆ ಗಂಟೆ ಹಿಂದೆ. ಬೇರೆಯವರಿಗೆ ಇದು ಸಣ್ಣ ಕಿರಿಕಿರಿ, ಮಂಡಿಯ ಲೆಕ್ಕದವನಿಗೆ ಹಾಗಲ್ಲ. ಜೂನ್, ಜುಲೈನಲ್ಲಿ ಮಾಲು ಜೋರಾಗಿ ಬರುವಾಗ ನಾನು ಬೆಳಗಿನ ಜಾವವೇ ಕೂರುತ್ತೇನೆ. ನಾಲ್ಕೂವರೆಗೆ ಎಕ್ಸೆಲ್‌ನಲ್ಲಿ ರೈತರ ಪಟ್ಟಿ ತೆಗೆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಹಿಂದಿನ ರಾತ್ರಿ ಹನ್ನೊಂದು ಗಂಟೆ. 15 ಕಿಲೋ ಬಾಕ್ಸು ಇಷ್ಟು, ಹರಾಜಿನ ಬೆಲೆ ಇಷ್ಟು, ಕೂಲಿ ಇಷ್ಟು, ಎಲ್ಲವೂ ಸರಿ. ಮೇಲಿನ ತಾರೀಖು ಮಾತ್ರ ನಿನ್ನೆಯದು. ಟೊಮೆಟೊ ಬೆಲೆ ಒಂದೇ ರಾತ್ರಿಯಲ್ಲಿ ಅರ್ಧಕ್ಕಿಳಿಯುವ ಊರಿನಲ್ಲಿ ತಾರೀಖು ತಪ್ಪಿದ ಪಟ್ಟಿ ಕೈಯಲ್ಲಿ ಹಿಡಿದ ರೈತನಿಗೆ ಯಾವ ಸಮಜಾಯಿಷಿ ಕೊಟ್ಟರೂ ನಡೆಯುವುದಿಲ್ಲ. ಪರಿಹಾರ ಒಂದೇ ಸಾಲಿನದು: ಮಿಂಟ್‌ನ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆದೇಶದಿಂದ ಸ್ಥಳೀಯ ಸಮಯವನ್ನೇ ಪಾಲಿಸುವಂತೆ ಹೇಳಿಬಿಡುವುದು. ಭಾರತದಲ್ಲಿ ಬೇಸಿಗೆಗೊಂದು ಚಳಿಗಾಲಕ್ಕೊಂದು ಎಂದು ಗಡಿಯಾರ ತಿರುಗಿಸುವ ಪದ್ಧತಿ ಇಲ್ಲದ್ದರಿಂದ ಇದರಿಂದ ತೊಂದರೆಯೂ ಇಲ್ಲ.

ಎರಡನೆಯದು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ಶಟ್‌ಡೌನ್ ಮಾಡಿದಿರಿ ಎಂದು ನೀವು ಅಂದುಕೊಂಡಿರುತ್ತೀರಿ; ಅದು ತನ್ನ ತಿರುಳಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಅರೆನಿದ್ದೆಗೆ ಜಾರಿರುತ್ತದೆ. ಆ ಸ್ಥಿತಿಯಲ್ಲಿರುವ ಡಿಸ್ಕನ್ನು ಮಿಂಟ್ ಓದಲು ಮಾತ್ರ ಕೊಡುತ್ತದೆ, ಬರೆಯಲು ಬಿಡುವುದಿಲ್ಲ. ಅದು ಸರಿಯಾದ ನಡೆಯೇ, ಬರೆದರೆ ದತ್ತಾಂಶ ಕೆಡುವ ಸಂಭವವಿದೆ. ವಿಂಡೋಸ್‌ನಲ್ಲಿ ಹೈಬರ್ನೇಶನ್ ಪೂರ್ತಿ ನಿಲ್ಲಿಸಿದರೆ ಇದೂ ನಿಲ್ಲುತ್ತದೆ. ಇಬ್ಬರಿಗೂ ಬೇಕಾದ ಫೋಟೊ, ಪಿಡಿಎಫ್‌ಗಳನ್ನು ನಾವು ಹಾರ್ಡ್ ಡಿಸ್ಕಿನ ಒಂದು ಎನ್‌ಟಿಎಫ್‌ಎಸ್ (ವಿಂಡೋಸ್‌ನ ಕಡತ ವ್ಯವಸ್ಥೆ) ಪಾರ್ಟಿಷನ್ನಿನಲ್ಲಿ ಇಟ್ಟಿದ್ದೇವೆ, ಏಕೆಂದರೆ ಲಿನಕ್ಸ್‌ನ ಸ್ವಂತ ಕಡತ ವ್ಯವಸ್ಥೆಯಾದ ಎಕ್ಸ್ಟ್4 ಇರುವ ಡಿಸ್ಕು ವಿಂಡೋಸ್ ಕಣ್ಣಿಗೆ ಬೀಳುವುದೇ ಇಲ್ಲ.

2024ರ ಆಗಸ್ಟ್‌ನಲ್ಲಿ ವಿಂಡೋಸ್‌ನ ಒಂದು ಭದ್ರತಾ ಅಪ್‌ಡೇಟ್ ಬಂದು ಪ್ರಪಂಚದಾದ್ಯಂತ ಡ್ಯುಯಲ್ ಬೂಟ್ (ಒಂದೇ ಕಂಪ್ಯೂಟರಿನಲ್ಲಿ ಎರಡು ಸಿಸ್ಟಂ) ಮಾಡಿಕೊಂಡವರ ಲಿನಕ್ಸ್ ಏಳದಂತಾಯಿತು. ಹಳೆಯ, ದೋಷವಿರುವ ಬೂಟ್‌ಲೋಡರ್‌ಗಳನ್ನು ತಡೆಯುವುದು ಅದರ ಉದ್ದೇಶ. ಎರಡು ಸಿಸ್ಟಂ ಇರುವ ಕಂಪ್ಯೂಟರ್‌ಗಳಿಗೆ ಅನ್ವಯಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತ್ತು, ಆದರೆ ಆ ಪತ್ತೆಯ ವಿಧಾನ ಎಲ್ಲರನ್ನೂ ಹಿಡಿಯಲಿಲ್ಲ. ಪೂರ್ಣ ಪರಿಹಾರ ಬಂದದ್ದು 2025ರ ಮೇ ತಿಂಗಳಲ್ಲಿ. ಎರಡು ಡಿಸ್ಕಿನ ವ್ಯವಸ್ಥೆಯನ್ನು ನಾನು ಎಷ್ಟೇ ಹೊಗಳಿದರೂ ಇದೊಂದು ಪೆಟ್ಟಿಗೆ ಅದು ಗುರಾಣಿಯಲ್ಲ, ಏಕೆಂದರೆ ಆ ನಿಷೇಧದ ನಿಯಮ ಕೂರುವುದು ಡಿಸ್ಕಿನಲ್ಲಲ್ಲ, ಮದರ್‌ಬೋರ್ಡಿನೊಳಗಿನ ತಂತ್ರಾಂಶವಾದ ಫರ್ಮ್‌ವೇರಿನಲ್ಲಿ. ನಮ್ಮ ಕಂಪ್ಯೂಟರಿನಲ್ಲಿ ಸೆಕ್ಯೂರ್ ಬೂಟ್ (ಒಪ್ಪಿಗೆಯಿಲ್ಲದ ಬೂಟ್‌ಲೋಡರ್‌ಗಳನ್ನು ತಡೆಯುವ ಕಾವಲು) ಮೊದಲಿನಿಂದಲೂ ಆಫ್ ಇತ್ತು, ಹಾಗಾಗಿ ಬಿಸಿ ತಟ್ಟಲಿಲ್ಲ. ನಿಮ್ಮದು ಹೊಸ ಲ್ಯಾಪ್‌ಟಾಪ್ ಆಗಿದ್ದು ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಚಾಲೂ ಇದ್ದರೆ ಮಾತ್ರ ಸೆಕ್ಯೂರ್ ಬೂಟ್ ಮುಟ್ಟುವ ಮುಂಚೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಇಲ್ಲವಾದರೆ ನಿಮ್ಮ ಕಡತಗಳು ನಿಮಗೇ ಬೀಗ ಹಾಕಿಕೊಳ್ಳುತ್ತವೆ.

ನಮಗೆ ಬಂದ ನಿಜವಾದ ಕಷ್ಟ ಬೇರೆ. ಒಂದು ದಿನ ಗ್ರಬ್ ಮೆನುವೇ ಕಾಣಲಿಲ್ಲ, ನೇರವಾಗಿ ವಿಂಡೋಸ್ ಎದ್ದಿತು. ಬಯಾಸ್‌ಗೆ ಹೋಗಿ ಸರದಿ ಸರಿಪಡಿಸಿದೆ. ಮಾರನೆಯ ಬೆಳಿಗ್ಗೆ ಮತ್ತೆ ಅದೇ. ಊರಿನ ಒಂದು ಅಂಗಡಿಗೆ ಒಯ್ದರೆ ಅಲ್ಲಿನ ಹುಡುಗ ಪರದೆಯನ್ನು ಒಂದು ಸಲ ನೋಡಿ, "ಲಿನಕ್ಸ್ ಹಾಕಿದರೆ ಹೀಗೇ ಆಗುವುದು ಸಾರ್, ಎರಡೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಡುತ್ತೇನೆ" ಎಂದ. ನಾನು ಕ್ಯಾಬಿನೆಟ್ ಎತ್ತಿಕೊಂಡು ಮನೆಗೆ ಬಂದೆ. ವಿಂಡೋಸ್‌ನಲ್ಲಿ ವರ್ಷವೂ ತಪ್ಪಾಗಿ ತೋರಿಸುತ್ತಿತ್ತು, ಬ್ಯಾಂಕಿನ ಪುಟ ತೆರೆದರೆ ಪ್ರಮಾಣಪತ್ರ ಸರಿಯಿಲ್ಲ ಎನ್ನುತ್ತಿತ್ತು. ಮಗಳು ಅದನ್ನು ನೋಡಿ, "ಅಪ್ಪ, ಇದು ಲಿನಕ್ಸೂ ಅಲ್ಲ, ವಿಂಡೋಸೂ ಅಲ್ಲ, ಸೆಲ್ಲು" ಎಂದಳು. ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಸಿಆರ್2032 ಸೆಲ್ ಇರುತ್ತದೆ, ಕರೆಂಟ್ ಇಲ್ಲದಾಗ ಗಡಿಯಾರವನ್ನೂ ಬಯಾಸ್ ಹೊಂದಿಕೆಗಳನ್ನೂ ಕಾಯುವುದು ಅದೇ. ಅದು ಸತ್ತಿತ್ತು. ರಾತ್ರಿ ಯುಪಿಎಸ್ ಆರಿಸಿ ಗೋಡೆಯ ಸ್ವಿಚ್ಚೂ ಆರಿಸುವುದು ನಮ್ಮ ರೂಢಿ, ಕರೆಂಟ್ ಹೋಗುವುದಂತೂ ಇದ್ದೇ ಇದೆ; ಒಟ್ಟು ವಿದ್ಯುತ್ ಕಡಿದಾಗಲೆಲ್ಲ ಬಯಾಸ್ ತನ್ನ ಮೂಲ ಸ್ಥಿತಿಗೆ ಮರಳಿ ಹಾರ್ಡ್ ಡಿಸ್ಕನ್ನು ಮೊದಲಿಡುತ್ತಿತ್ತು. ಸೆಲ್ ಬದಲಿಸಿದೆ, ಮೆನು ಮರಳಿ ಬಂತು. ಐದಾರು ವರ್ಷ ದಾಟಿದ ಡೆಸ್ಕ್‌ಟಾಪಿಗೆ ಎರಡನೇ ಸಿಸ್ಟಂ ಹಾಕುವವರು ಎಸ್‌ಎಸ್‌ಡಿಯ ಜೊತೆಗೆ ಈ ಸೆಲ್ಲನ್ನೂ ಕೊಂಡುಬಿಡಲಿ.

ಕನ್ನಡದ ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿ ಸರ್ಕಾರಿ ಶಾಲೆಯ ಶಿಕ್ಷಕಿ, ನುಡಿ ಎಂಬ ಕನ್ನಡ ತಂತ್ರಾಂಶದ ಕೀಲಿಮಣೆಯಲ್ಲಿ ಬೆರಳು ಪಳಗಿದವಳು. ಮಿಂಟ್‌ನಲ್ಲಿ ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ಸಾಧನಗಳನ್ನು ಹಾಕಿಕೊಂಡರೆ ಅದೇ ಕಗಪ ವಿನ್ಯಾಸ ಸಿಗುತ್ತದೆ, ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಕೂಡ. ಗಡಿನಾಡಿನ ಮನೆಯಾದ್ದರಿಂದ ತೆಲುಗಿನ ಕೀಲಿಮಣೆಯನ್ನೂ ಪಕ್ಕದಲ್ಲೇ ಇಟ್ಟುಕೊಂಡಿದ್ದೇವೆ. ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳು ಉಬುಂಟುವಿನ ಭಂಡಾರದಲ್ಲೇ ಇವೆ. ಯೂನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಆಗಿರುವ ಅಕ್ಷರ ಸಂಕೇತ) ಬರೆಯುವವರಿಗೆ ಇಷ್ಟು ಸಾಕು. ಸಮಸ್ಯೆ ಹಳೆಯ ಕಡತಗಳದ್ದು. ಯೂನಿಕೋಡ್‌ಗೆ ಮುಂಚಿನ ನುಡಿಯಲ್ಲಿ ಟೈಪ್ ಮಾಡಿದ ಶಾಲೆಯ ಪತ್ರಗಳನ್ನು ಲಿಬ್ರೆಆಫೀಸ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ನುಡಿಯ ಫಾಂಟ್ ಕಡತಗಳನ್ನು ವಿಂಡೋಸ್‌ನಿಂದ ತಂದು ಮಿಂಟ್‌ಗೆ ಸೇರಿಸಿದರೆ ಓದಲು ಬರುತ್ತದೆ, ಮುದ್ರಿಸಲೂ ಬರುತ್ತದೆ. ತಿದ್ದಲು ಹೋದರೆ ಆಗುವುದಿಲ್ಲ. ತಿದ್ದಬೇಕಿದ್ದರೆ ಅವಳು ಇಂದಿಗೂ ವಿಂಡೋಸ್‌ಗೇ ಹೋಗುತ್ತಾಳೆ. ಹಾಗಾಗಿ ಮಿಂಟ್‌ಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ, ಅವಳು ಮೂರು ಕೊಡುತ್ತಾಳೆ, ಮಗಳು ಐದು.

"ಡ್ಯುಯಲ್ ಬೂಟ್ ಏಕೆ, ವಿಂಡೋಸ್ ಒಳಗೇ ಲಿನಕ್ಸ್ ಓಡಿಸಬಹುದಲ್ಲ" ಎನ್ನುವವರಿದ್ದಾರೆ. ಹದಿನಾರು ಜಿಬಿ ರ‍್ಯಾಮ್ ಇರುವವರು ಹಾಗೆ ಮಾಡಲಿ, ನಾನೂ ಅದನ್ನೇ ಹೇಳುತ್ತೇನೆ. ಅದಕ್ಕೆಂದೇ ವಿಂಡೋಸ್‌ನಲ್ಲಿರುವ ಡಬ್ಲ್ಯೂಎಸ್‌ಎಲ್ ಸೌಲಭ್ಯ ಚೆನ್ನಾಗಿದೆ, ಮರುಚಾಲನೆಯ ಕಾಟವಿಲ್ಲ. ನಮ್ಮ 8 ಜಿಬಿಯಲ್ಲಿ ವರ್ಚುವಲ್‌ಬಾಕ್ಸ್ (ಒಂದು ಸಿಸ್ಟಂ ಒಳಗೆ ಇನ್ನೊಂದನ್ನು ಓಡಿಸುವ ತಂತ್ರಾಂಶ) ತೆರೆದರೆ ಎರಡು ಸಿಸ್ಟಮ್ಮೂ ಒಟ್ಟಿಗೆ ತೆವಳುತ್ತವೆ. ಎಸ್‌ಎಸ್‌ಡಿಯ ಮೇಲೆ ಒಂಟಿಯಾಗಿ ಓಡುವ ಮಿಂಟ್‌ಗೆ ಅದೇ 8 ಜಿಬಿ ಬೇಕಾದಷ್ಟಾಯಿತು. ಇನ್ನೊಂದು ಲಾಭ: ಟೈಮ್‌ಶಿಫ್ಟ್. ಅಪ್‌ಡೇಟ್‌ಗೆ ಮುಂಚಿನ ಸ್ಥಿತಿಯನ್ನು ಹಿಡಿದಿಟ್ಟು, ಕೆಟ್ಟರೆ ಹಿಂದಿರುಗುವ ಈ ಸೌಲಭ್ಯ ಇರುವುದರಿಂದಲೇ ಮಗಳಿಗೆ ಏನನ್ನು ಬೇಕಾದರೂ ಹಾಕಿ ನೋಡಲು ಬಿಟ್ಟಿದ್ದೇನೆ.

ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರು ಬೇಕು, ನಮ್ಮದು ಏಳು. ಒಂದು ತಲೆಮಾರಿನ ಅಂತರದಲ್ಲಿ, ಚೆನ್ನಾಗಿ ಓಡುತ್ತಿರುವ ಯಂತ್ರ ಹೊರಗುಳಿಯಿತು. ಮನೆಬಳಕೆಯವರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಇದೆ. ಆ ಅವಧಿ ದಾಟಿದ ಮೇಲೆ ನಮ್ಮ ಮನೆಯಲ್ಲಿ ಇಂಟರ್ನೆಟ್ ಬೇಕಾದ ಕೆಲಸವೆಲ್ಲ, ಬ್ಯಾಂಕು, ಇಮೇಲ್, ಜಿಎಸ್‌ಟಿ ಪೋರ್ಟಲ್ ನೋಡುವುದು, ಮಿಂಟ್‌ನ ಫೈರ್‌ಫಾಕ್ಸ್‌ನಲ್ಲಿ. ಟ್ಯಾಲಿ, ಹಳೆಯ ನುಡಿ, ಮ್ಯಾಕ್ರೋ ಇರುವ ಎಕ್ಸೆಲ್ ಹಾಳೆಗಳು ಮಾತ್ರ ವಿಂಡೋಸ್‌ನಲ್ಲಿ, ವೈಫೈ ಆಫ್ ಮಾಡಿ. ಎರಡು ಸಿಸ್ಟಂ ಇಲ್ಲದಿದ್ದರೆ ಈ ವಿಂಗಡಣೆ ಮಾಡಲಾಗದೆ ಹೊಸ ಕಂಪ್ಯೂಟರಿಗೇ ದುಡ್ಡು ಹೊಂದಿಸಬೇಕಿತ್ತು.

ಬಗೆಹರಿಯದೆ ಉಳಿದಿರುವುದು ಪ್ರಿಂಟರ್. ಹಳೆಯ ಲೇಸರ್ ಪ್ರಿಂಟರೊಂದು ನಮ್ಮಲ್ಲಿದೆ, ಮಿಂಟ್‌ನಲ್ಲಿ ಅದರ ಡ್ರೈವರ್ ಒಮ್ಮೆ ನಡೆದರೆ ಇನ್ನೊಮ್ಮೆ ಇಲ್ಲ. ಮಿಂಟ್‌ನಲ್ಲಿ ಪಿಡಿಎಫ್ ಮಾಡಿ, ಹಂಚಿಕೊಂಡ ಪಾರ್ಟಿಷನ್ನಿಗೆ ಹಾಕಿ, ಮರುಚಾಲನೆ ಮಾಡಿ ವಿಂಡೋಸ್‌ನಿಂದ ಮುದ್ರಿಸುತ್ತೇವೆ. ಮಾಲಿನ ಕಾಲದಲ್ಲಿ ಇದು ರೇಜಿಗೆ ಹಿಡಿಸುತ್ತದೆ. ಮುಂದಿನ ಸಲ ಪ್ರಿಂಟರ್ ಕೊಳ್ಳುವಾಗ ಪೆನ್‌ಡ್ರೈವಿನಲ್ಲಿ ಮಿಂಟ್ ಒಯ್ದು, ಅಂಗಡಿಯಲ್ಲೇ ಒಂದು ಹಾಳೆ ತೆಗೆದು ನೋಡಿ ತರುತ್ತೇನೆ.