ನೀಲಿ ಪ್ರಿಸೆಟ್ಟಿಗೊಂದು ಕಡಿವಾಣ: ಎಲ್‌ಎಂ2596 ಬಕ್ ಬೋರ್ಡ್, ರೋಬೋಗಳಲ್ಲಿ ಎರಡು ವರ್ಷ ಓಡಿಸಿದ ಮೇಲೆ

ಬಕ್ ಬೋರ್ಡ್ ಅಂದರೆ ಬ್ಯಾಟರಿಯ ಹೆಚ್ಚಿನ ವೋಲ್ಟೇಜನ್ನು ಕಡಿಮೆಗೆ ಇಳಿಸಿಕೊಡುವ ಬೋರ್ಡು. ಇದಕ್ಕೆ ನಾಲ್ಕು ಸ್ಟಾರ್. ಕಡಿತವಾದ ಒಂದು ಸ್ಟಾರ್ ಪೂರ್ತಿ ಬೋರ್ಡಿನ ಮೇಲಿರುವ ನೀಲಿ ಪ್ರಿಸೆಟ್ಟಿನ ಲೆಕ್ಕಕ್ಕೆ. ಔಟ್‌ಪುಟ್ ವೋಲ್ಟೇಜು ಹೊಂದಿಸಲು ತಿರುಗಿಸುವ, ಹಿತ್ತಾಳೆ ಸ್ಕ್ರೂವಿನ ರೆಸಿಸ್ಟರ್ ಇದೆಯಲ್ಲ, ಅದೇ. ಮಿಕ್ಕಂತೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನೂರು ರೂಪಾಯಿಯೊಳಗೆ ಸಿಗುವ ಸಾಮಾನು ಇದಕ್ಕಿಂತ ಹೆಚ್ಚು ದುಡಿಯುವುದು ಕಷ್ಟ. ಅಳತೆ, ಗರಿಷ್ಠ ವೋಲ್ಟೇಜು ಎಲ್ಲ ಮಾರುವವರ ಪುಟದಲ್ಲೇ ಇದೆ, ಮತ್ತೆ ಬರೆಯುವುದಿಲ್ಲ.

ಇದನ್ನು ಕೊಳ್ಳುವವರಲ್ಲಿ ಹೆಚ್ಚಿನವರು 7805ರ (ಹೆಚ್ಚುವರಿ ವೋಲ್ಟೇಜನ್ನು ಬಿಸಿಯಾಗಿ ಕಳೆದು 5 ವೋಲ್ಟ್ ಕೊಡುವ ಹಳೆಯ ಚಿಪ್) ಕಾಟ ತಾಳಲಾರದೆ ಬಂದವರು. 3ಎಸ್ ಲಿಪೋ, ಅಂದರೆ ಮೂರು ಸೆಲ್ಲಿನ ಲಿಥಿಯಂ ಬ್ಯಾಟರಿ, ತುಂಬಿದಾಗ 12.6 ವೋಲ್ಟ್. ಅದನ್ನು 5ಕ್ಕೆ ಇಳಿಸಿ 1 ಆಂಪ್ ಎಳೆದರೆ 7805 ಒಳಗೆ 7.6 ವ್ಯಾಟ್ ಬರೀ ಬಿಸಿಯಾಗಿ ಹೋಗುತ್ತದೆ. ಹೀಟ್‌ಸಿಂಕ್ ಇಲ್ಲದೆ ಅದು ಒಂದೂವರೆ ವ್ಯಾಟ್ ತಡೆದರೆ ಹೆಚ್ಚು. ಮೈ ಕಾದೊಡನೆ ತಾನೇ ಆಫ್ ಆಗುತ್ತದೆ, ತಣಿದ ಮೇಲೆ ಮತ್ತೆ ಆನ್. ನೋಡುವವರು ಕೋಡಿನಲ್ಲಿ ತಪ್ಪು ಹುಡುಕುತ್ತ ರಾತ್ರಿ ಕಳೆಯುತ್ತಾರೆ. ಎಲ್298ಎನ್ ಮೋಟಾರ್ ಡ್ರೈವರಿನ 5 ವೋಲ್ಟ್ ಪಿನ್ನಿಗೆ ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರ್) ಜೋಡಿಸುವುದೂ ಇದೇ ಜಾತಿಯ ತಪ್ಪು. ಅಲ್ಲಿ ಕೂತಿರುವುದು 78ಎಂ05, ಅರ್ಧ ಆಂಪಿನದು. ಒಂದೇ ಒಂದು ಪುಟ್ಟ ಎಸ್‌ಜಿ90 ಸರ್ವೋ ಸಿಕ್ಕಿಹಾಕಿಕೊಂಡು ಒದ್ದಾಡಿದರೂ 650-700 ಮಿಲಿಆಂಪ್ ಎಳೆಯುತ್ತದೆ. ರೋಬೋ ನಡೆಸುವ ಆರ್ಡುಯಿನೊ ಬೋರ್ಡ್ ರೀಸೆಟ್ ಆಗದೆ ಇನ್ನೇನಾದೀತು? ಬರೀ ಸೆನ್ಸರುಗಳಿಗೆ, 50 ಮಿಲಿಆಂಪಿನ ಕೆಲಸಕ್ಕೆ 7805 ಈಗಲೂ ಚೆನ್ನ. ಅದರ ಔಟ್‌ಪುಟ್ಟಿನಲ್ಲಿ ಸ್ವಿಚಿಂಗ್ ಗದ್ದಲವೇ ಇರುವುದಿಲ್ಲ.

ಹೊಸ ಎಲ್‌ಎಂ2596 ಬೋರ್ಡ್ ಕೈಗೆ ಬಂದಾಗ ಮಾಡುವ ಶಾಸ್ತ್ರವೊಂದಿದೆ, ತಪ್ಪಿಸಬೇಡಿ. ಔಟ್‌ಪುಟ್ಟಿಗೆ ಮಲ್ಟಿಮೀಟರ್ ಬಿಟ್ಟು ಏನನ್ನೂ ಜೋಡಿಸದೆ ಇನ್‌ಪುಟ್ಟಿಗೆ 12 ವೋಲ್ಟ್ ಕೊಡಿ, ಸ್ಕ್ರೂವನ್ನು ಅಪ್ರದಕ್ಷಿಣೆಯಾಗಿ ತಿರುಗಿಸುತ್ತ ಹೋಗಿ. ಐದು ಸುತ್ತು, ಹತ್ತು ಸುತ್ತು, ಮೀಟರ್ ಅಲುಗುವುದೇ ಇಲ್ಲ. ಬೋರ್ಡ್ ಸತ್ತಿದೆ ಎಂದು ವಾಪಸ್ ಕಳಿಸುವವರೆಲ್ಲ ಸೋಲುವುದು ಇಲ್ಲೇ. ಪ್ರಿಸೆಟ್ 10 ಕೆ (ಕಿಲೋಓಮ್, ಅಂದರೆ ಸಾವಿರ ಓಮ್), 25 ಸುತ್ತಿನದು. ಅದರ ಜೊತೆಗಿನ ರೆಸಿಸ್ಟರ್ 330 ಓಮ್, ಮೇಲೆ 331 ಅಂತ ಬರೆದಿರುತ್ತದೆ. ಔಟ್‌ಪುಟ್ ಲೆಕ್ಕ ಸುಲಭ: 1.23 × (1 + ಪ್ರಿಸೆಟ್ ÷ 330). ಪ್ರಿಸೆಟ್ ನಡುವಿನ 5 ಕೆಯಲ್ಲಿದ್ದರೆ ಚಿಪ್ ಸುಮಾರು 20 ವೋಲ್ಟ್ ಕೊಡಲು ಹೊರಟಿರುತ್ತದೆ. ಒಳಗೆ ಬರುತ್ತಿರುವುದೇ 12, ಹಾಗಾಗಿ ಇದ್ದದ್ದನ್ನು ಹಾಗೇ ಹೊರಗೆ ಬಿಡುತ್ತದೆ. 3 ಕೆಗಿಂತ ಕೆಳಗೆ ಬಂದ ಮೇಲೆಯೇ ಅಂಕಿ ಸರಸರ ಇಳಿಯುವುದು.

5.0ಕ್ಕೆ ಬಂದಾಗ 4.7 ಓಮಿನ 10 ವ್ಯಾಟ್ ಸಿಮೆಂಟ್ ರೆಸಿಸ್ಟರ್ ಜೋಡಿಸಿ, 1 ಆಂಪಿನಷ್ಟು ಹರಿಯುತ್ತದೆ. 0.1 ವೋಲ್ಟಿಗಿಂತ ಹೆಚ್ಚು ಬಿದ್ದರೆ ಬೋರ್ಡನ್ನು ಬೈಯುವ ಮೊದಲು ವೈರ್ ಬದಲಿಸಿ. ಬ್ರೆಡ್‌ಬೋರ್ಡಿನ ಜಂಪರ್ ವೈರು ಕೂದಲೆಳೆಯಷ್ಟು ತೆಳು. ಹತ್ತು ನಿಮಿಷ ಓಡಿಸಿ ಚಿಪ್ಪಿನ ಮೇಲೆ ಬೆರಳಿಡಿ. ಐದು ಎಣಿಸುವವರೆಗೆ ಇಡಲಾಗದಿದ್ದರೆ ಆ ಬೋರ್ಡ್ ಎಲ್‌ಇಡಿ ಉರಿಸಲಿಕ್ಕೆ ಮಾತ್ರ. ಅಸಲಿ ಚಿಪ್ 150 ಕಿಲೋಹರ್ಟ್ಜ್‌ನಲ್ಲಿ ಸ್ವಿಚ್ ಆಗುತ್ತದೆ. ಅದೇ ಹೆಸರು ಬರೆಸಿಕೊಂಡ ನಕಲಿಗಳು 50ರ ಆಸುಪಾಸಿನಲ್ಲಿ ಓಡುವುದುಂಟು, ಆಗ ಅದೇ ಕಾಯಿಲ್ ಸಾಲದೆ ಬಿಸಿಯೂ ರಿಪಲ್ಲೂ (ಔಟ್‌ಪುಟ್ ವೋಲ್ಟೇಜಿನ ನಡುಕ) ಏರುತ್ತವೆ. ಕೊನೆಗೆ ಸ್ಕ್ರೂ ಮೇಲೊಂದು ಹನಿ ನೇಲ್ ಪಾಲಿಶ್. ಮನೆಯಲ್ಲಿ ಯಾರದ್ದಾದರೂ ಇರುತ್ತದೆ, ಕೇಳಿಯೇ ತಗೊಳ್ಳಿ.

ಇಷ್ಟೆಲ್ಲ ಮಾಡಿದರೂ ಸಿಟ್ಟು ಬರಿಸುವುದು ಆ ಪ್ರಿಸೆಟ್ಟೇ. 5 ವೋಲ್ಟ್ ಸಿಗುವುದು ಅದರ ಮೊದಲ 1 ಕೆಯಲ್ಲಿ, ಉಳಿದ ಒಂಬತ್ತು ಕೆ ನಮ್ಮ ಕೆಲಸಕ್ಕಿಲ್ಲ. ಒಂದು ಸುತ್ತಿಗೆ 400 ಓಮ್, ಅಂದರೆ 1.5 ವೋಲ್ಟ್. ಮೋಟಾರಿನ ಅದುರಾಟಕ್ಕೆ ಕಾಲು ಸುತ್ತು ಜರುಗಿದರೂ 0.37 ವೋಲ್ಟ್ ವ್ಯತ್ಯಾಸ. ಅದನ್ನಾದರೂ ನೇಲ್ ಪಾಲಿಶ್ ತಡೆಯುತ್ತದೆ. ಸ್ಕ್ರೂ ತಿರುಗಿಸಿದಾಗ ಒಳಗೆ ಜರುಗುವ ವೈಪರ್ ಧೂಳಿಗೋ ಅದುರಾಟಕ್ಕೋ ಒಂದು ಕ್ಷಣ ಸಂಪರ್ಕ ಬಿಟ್ಟರೆ ಏನು ತಡೆಯುತ್ತದೆ? ಔಟ್‌ಪುಟ್ ಎಷ್ಟಿದೆಯೆಂದು ಚಿಪ್ ನೋಡಿಕೊಳ್ಳುವ ಫೀಡ್‌ಬ್ಯಾಕ್ ಪಿನ್ನನ್ನು 330 ಓಮ್ ಗ್ರೌಂಡಿಗೆ ಎಳೆದು ಹಿಡಿಯುತ್ತದೆ, ಔಟ್‌ಪುಟ್ ಕಡಿಮೆಯಾಯಿತೆಂದು ಚಿಪ್ ನಂಬುತ್ತದೆ, ಬ್ಯಾಟರಿಯಲ್ಲಿ ಇದ್ದಷ್ಟನ್ನೂ ಹೊರಗೆ ಸುರಿಯುತ್ತದೆ. ಆರ್ಡುಯಿನೊ, ರಿಸೀವರ್, ಸರ್ವೋ ಎಲ್ಲದರ ಮೇಲೂ ಹನ್ನೊಂದು ಚಿಲ್ಲರೆ ವೋಲ್ಟ್. ಆರ್ಡುಯಿನೊ ಮೇಲಿನ ಎಟಿಮೆಗಾ328 ಚಿಪ್ಪಿಗೆ 6 ವೋಲ್ಟೇ ಕೊನೆಯ ಗೆರೆ. ಕೆಟ್ಟರೆ ಸೊನ್ನೆಗೆ ಇಳಿಯಬೇಕಾದ ಸಾಮಾನು ಆಕಾಶಕ್ಕೆ ಹಾರುತ್ತದೆ ಅಂದರೆ ಸ್ಟಾರ್ ಹೇಗೆ ಕೊಡುವುದು?

ಅರ್ಧ ಸ್ಟಾರನ್ನಾದರೂ ವಾಪಸ್ ಗಳಿಸಿಕೊಡುವ ಮದ್ದಿನ ಬೆಲೆ ಒಂದೆರಡು ರೂಪಾಯಿ. 1.2 ಕೆಯ ಕಾಲು ವ್ಯಾಟ್ ರೆಸಿಸ್ಟರ್ ತಗೊಳ್ಳಿ: ಕಂದು, ಕೆಂಪು, ಕೆಂಪು. ಬ್ಯಾಟರಿ ಬಿಚ್ಚಿ ಬೋರ್ಡ್ ಮಗುಚಿದರೆ ಪ್ರಿಸೆಟ್ಟಿನ ಮೂರು ಕಾಲು ಕಾಣುತ್ತವೆ. ಮೀಟರನ್ನು ಬೀಪ್‌ಗೆ ಇಟ್ಟು ಔಟ್‌ಪುಟ್ ಪ್ಲಸ್‌ಗೆ ಸೇರಿದ ಕಾಲನ್ನೂ, ಚಿಪ್ಪಿನ 4ನೇ (ಫೀಡ್‌ಬ್ಯಾಕ್) ಪಿನ್ನಿಗೆ ಸೇರಿದ ಕಾಲನ್ನೂ ಹುಡುಕಿ. ಅವೆರಡರ ನಡುವೆ ರೆಸಿಸ್ಟರ್ ಬೆಸೆಯಿರಿ. ಈಗ ಪ್ರಿಸೆಟ್ ಪೂರ್ತಿ 10 ಕೆಗೆ ತಿರುಗಿಸಿದರೂ 5.22 ವೋಲ್ಟ್ ದಾಟುವುದಿಲ್ಲ. ವೈಪರ್ ಪೂರಾ ಬಿಟ್ಟುಹೋದರೂ 5.7ಕ್ಕೆ ನಿಲ್ಲುತ್ತದೆ, ಏನೂ ಸುಡುವುದಿಲ್ಲ. ಇನ್ನೊಂದು ಲಾಭ ಕೇಳದೆಯೇ ಸಿಗುತ್ತದೆ: 5ರ ಹತ್ತಿರ ಒಂದು ಸುತ್ತಿಗೆ 1.5 ವೋಲ್ಟ್ ಇದ್ದದ್ದು ಈಗ 0.04. ಸ್ಕ್ರೂ ತಿರುಗಿಸಿ 5.00 ಅಂತ ಸೊನ್ನೆ ಸಮೇತ ಕೂರಿಸುವುದು ಎಷ್ಟು ಹಿತ ಅಂತ ಮಾಡಿ ನೋಡಿದವರಿಗೇ ಗೊತ್ತು. ತಿರುಗಿಸುವ ಗೊಡವೆಯೇ ಬೇಡ ಅನ್ನುವವರು ಪ್ರಿಸೆಟ್ ಕಿತ್ತು ಅದೇ ಎರಡು ತೂತಿಗೆ 1 ಕೆ ಹಾಕಿ, 4.96 ವೋಲ್ಟ್ ಬರುತ್ತದೆ. 1 ಕೆ ಮತ್ತು 270 ಓಮ್ ಸಾಲಾಗಿ ಹಾಕಿದರೆ 5.96. ನಿಮ್ಮ ಬೋರ್ಡಿನಲ್ಲಿ 331ರ ಬದಲು ಬೇರೆ ರೆಸಿಸ್ಟರ್ ಇದ್ದರೆ ಅದೇ ಸೂತ್ರದಲ್ಲಿ ಮತ್ತೆ ಲೆಕ್ಕ ಹಾಕಿ.

3 ಆಂಪ್ ಅಂತ ಬರೆದಿರುವುದನ್ನು 2 ಅಂತಲೇ ಓದಿಕೊಳ್ಳಿ. 12ರಿಂದ 5ಕ್ಕೆ ಇಳಿಸುವಾಗ ದಕ್ಷತೆ ಶೇ. 80ರ ಸುತ್ತ, 3 ಆಂಪಿನಲ್ಲಿ ಮೂರು ಮುಕ್ಕಾಲು ವ್ಯಾಟ್ ಆ ಪುಟ್ಟ ಬೋರ್ಡಿನ ಮೇಲೇ ಉಳಿಯುತ್ತದೆ. ಎರಡು 18650 ಲಿಥಿಯಂ ಸೆಲ್ ಸಾಲಾಗಿಟ್ಟು 6 ವೋಲ್ಟ್ ಕೇಳಬೇಡಿ. ಒಳಗೆ ಬರುವುದು ಹೊರಗೆ ಹೋಗುವುದಕ್ಕಿಂತ ಒಂದೂವರೆ ವೋಲ್ಟಾದರೂ ಹೆಚ್ಚಿರಬೇಕು, ಬ್ಯಾಟರಿ 7.5ಕ್ಕೆ ಇಳಿದಾಗಲೇ ಸರ್ವೋ ಸೊರಗುತ್ತದೆ. 5ಕ್ಕೆ ಇಟ್ಟರೆ ಪೂರ್ತಿ ಚಾರ್ಜ್ ಮುಗಿಯುವ ಹತ್ತಿರದವರೆಗೂ ಓಡುತ್ತದೆ. ದೊಡ್ಡ ಸರ್ವೋ ಎಂಜಿ996ಆರ್ ಒಂದೇ 6 ವೋಲ್ಟಿನಲ್ಲಿ ಸಿಕ್ಕಿಕೊಂಡರೆ 2.5 ಆಂಪ್. ನಾಲ್ಕು ಹಾಕಿದ ರೋಬೋ ತೋಳಿಗೆ ಈ ಬೋರ್ಡ್ ದಯವಿಟ್ಟು ಬೇಡ. ಇದಕ್ಕಿಂತ ಗಟ್ಟಿಯಾದ ಎಕ್ಸ್‌ಎಲ್4015 ಬಕ್ ಬೋರ್ಡ್ ಎರಡು ತಗೊಂಡು ಎರಡೆರಡು ಸರ್ವೋ ಹಂಚಿ. ಎರಡು ಬೋರ್ಡಿನ ಔಟ್‌ಪುಟ್ ಒಟ್ಟಿಗೆ ಕಟ್ಟುವ ಬುದ್ಧಿವಂತಿಕೆ ಮಾತ್ರ ಬೇಡ. ಯಾವುದರ ವೋಲ್ಟೇಜು ಕೂದಲಷ್ಟು ಹೆಚ್ಚಿದೆಯೋ ಅದೇ ಭಾರವನ್ನೆಲ್ಲ ಹೊರುತ್ತದೆ. ಸರ್ವೋ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ 16 ವೋಲ್ಟ್ ಕೆಪಾಸಿಟರ್ ಇಡಿ. ಆರ್ಡುಯಿನೊ ಗ್ರೌಂಡಿಗೂ ಸರ್ವೋ ಗ್ರೌಂಡಿಗೂ ಒಂದು ವೈರ್ ಸೇರಿಸಿ. ಅದು ಮರೆತರೆ ಸರ್ವೋ ಚಳಿಜ್ವರ ಬಂದವರಂತೆ ನಡುಗುತ್ತದೆ.

ಆರ್‌ಸಿ ವಿಮಾನಕ್ಕೂ ಇದನ್ನು ಶಿಫಾರಸು ಮಾಡುವುದಿಲ್ಲ. ನೆಲದ ಮೇಲಿನ ಕಾರು ನಿಂತರೆ ಎತ್ತಿಕೊಂಡು ಬರಬಹುದು. ವಿಮಾನಕ್ಕೆ 5 ಮತ್ತು 6ರ ನಡುವೆ ಜಂಪರ್ ಇರುವ ಸಿದ್ಧ ಯುಬಿಇಸಿ (ರಿಸೀವರಿಗೂ ಸರ್ವೋಗೂ ವೋಲ್ಟೇಜು ಇಳಿಸಿಕೊಡುವ ಬೇರೆ ಮಾಡ್ಯೂಲ್) ಒಳ್ಳೆಯದು, ಪ್ರಿಸೆಟ್ಟಿನ ತಲೆನೋವೇ ಇಲ್ಲ. ನಿಮ್ಮ ಇಎಸ್‌ಸಿಯಲ್ಲಿ (ಮೋಟಾರಿನ ವೇಗ ನಿಯಂತ್ರಕ) ಇದೇ ಕೆಲಸದ ಬಿಇಸಿ ಮೊದಲೇ ಇದ್ದರೆ ರಿಸೀವರಿಗೆ ಹೋಗುವ ಅದರ ಕೆಂಪು ವೈರಿನ ಪಿನ್ ಕನೆಕ್ಟರಿನಿಂದ ಹೊರಗೆಳೆದು ಟೇಪ್ ಸುತ್ತಿ. ಇಲ್ಲದಿದ್ದರೆ ಎರಡೂ ಒಂದಕ್ಕೊಂದು ಗುದ್ದಾಡುತ್ತವೆ.

ಬ್ಯಾಟರಿ ಉಲ್ಟಾ ಕೊಟ್ಟರೆ ಈ ಬೋರ್ಡಿಗೆ ಯಾವ ರಕ್ಷಣೆಯೂ ಇಲ್ಲ, ಚಿಪ್ಪೂ ಇನ್‌ಪುಟ್ ಕೆಪಾಸಿಟರೂ ಒಟ್ಟಿಗೇ ಹೋಗುತ್ತವೆ. ಒಂದೇ ದಿಕ್ಕಿಗೆ ಕೂರುವ ಎಕ್ಸ್‌ಟಿ60 ಕನೆಕ್ಟರ್ ಬೆಸೆದುಕೊಳ್ಳಿ. ಕ್ರೊಕೊಡೈಲ್ ಕ್ಲಿಪ್ಪಿನಲ್ಲೇ ಓಡಿಸುವವರು ಒಂದೇ ಸಲಕ್ಕೆ ಮೂರು ಬೋರ್ಡ್ ಕೊಂಡುಬಿಡಿ.